ಹಿಮ್ಮಡಿ ಇಳಿಸಲು ಪರದೇಶಕ್ಕೆ

ತಾರೀಖು ಹದಿನಾಲ್ಕು ಮಾರ್ಚ್, ಇಂಗ್ರೇಜಿ ಲೆಕ್ಕದ ಪ್ರಕಾರ. ವಾರ ಶುಕ್ರವಾರ. ಹೊತ್ತು ಮುಂಜಾನೆ ಏಳೂಕಾಲು. ಜಾಗ ಶಹಾಪುರದ ನಮ್ಮ ಮನೆಯ ಪಡಸಾಲೆ. ಹಾಜರಿದ್ದವರು ನಾನು, ಹಾಲು ಹಾಕುವ ನೀಲವ್ವ ಮತ್ತು ಆಗತಾನೆ ಒರೆಸಿದ ನೆಲ.

ನೆಲವನ್ನೂ ಹಾಜರಿಯಲ್ಲಿ ಸೇರಿಸಿದೆನೆಂದು ನಗಬೇಡಿ. ನಮ್ಮ ಮನೆಗೆ ಹಾಸಿರುವುದು ಶಹಾಬಾದಿನ ಪರಸಿ ಕಲ್ಲು. ಒದ್ದೆಯಾದಾಗ ಕಪ್ಪು, ಆರಿದಾಗ ಬೂದಿ ಬಣ್ಣ. ಅರೆ ಆರಿದಾಗ ಯಾರು ಕಾಲಿಟ್ಟರೂ ಗುರುತು ಬಿದ್ದೇ ಬೀಳುತ್ತದೆ. ಆರೂವರೆಗೆ ಕಸ, ಏಳಕ್ಕೆ ನೆಲ, ಏಳೂವರೆಗೆ ಹಾಲು ಎಂಬುದು ನನ್ನ ಟೈಮ್‌ಟೇಬಲ್. ಹೆಣ್ಣುಮಕ್ಕಳ ಶಾಲೆಯಲ್ಲಿ ಶಿಕ್ಷಕಿಯಾಗಿ ಗಂಟೆ ಬಾರಿಸಿಯೇ ನನ್ನ ನೌಕರಿ ಮುಗಿಯಿತು. ನಿವೃತ್ತಳಾದ ದಿನ ಗಂಟೆಯನ್ನು ಶಾಲೆಯಲ್ಲಿ ಬಿಟ್ಟು, ಬಾರಿಸುವ ಚಟವನ್ನು ಮನೆಗೆ ತಂದೆ. ಆದರೆ ನೀಲವ್ವನ ಎಮ್ಮೆಗೆ ನನ್ನ ಟೈಮ್‌ಟೇಬಲ್ ಯಾರೂ ಓದಿ ಹೇಳಿಲ್ಲ. ಅದು ಹಿಂಡಿಸಿಕೊಂಡಾಗ ನೀಲವ್ವ ಬರುತ್ತಾಳೆ. ಓಣಿಯ ಧೂಳನ್ನೆಲ್ಲ ಅಂಗಾಲಿಗೆ ಹಚ್ಚಿಕೊಂಡು ಬಾಗಿಲಿನಿಂದ ಅಡಿಗೆಮನೆಯವರೆಗೆ ಹೆಜ್ಜೆ ಮೂಡಿಸುತ್ತಾಳೆ.

“ನೀಲವ್ವ, ನಿನಗ ಕಣ್ಣ ಕಾಣ್ತಾವಿಲ್ಲ? ಇದೀಗ ಒರಸೀನಿ.”

“ಕಣ್ಣ ಕಾಣ್ತಾವ್ರಿ ಅಕ್ಕೋರೆ. ಕಾಲಿಗಿ ಕಾಣಂಗಿಲ್ಲ.”

“ಏಳೂವರಿಗಿ ಬಾ ಅಂದ್ರ ಏಳೂಕಾಲಕ್ಕ ಯಾಕ ಬರ್ತಿ?”

“ಯವ್ವಾ! ತಡಾ ಆದ್ರೂ ಬೈತೀರಿ, ಲಗೂನ ಬಂದ್ರೂ ಬೈತೀರಿ. ಫಾರಿನ್‌ದಾಗ ಇದ್ದು ಬಂದೋರಂಗ ಮಾಡ್ತೀರಲ್ರಿ ನೀವು!”

“ಹೌದು. ಇದ್ದು ಬಂದೀನಿ.”

ಹಾಲು ಸುರಿಯುತ್ತಿದ್ದ ಅವಳ ಕೈ ನಿಂತಿತು. “ಖರೇನ? ಯಾವ ದೇಶ್ರಿ?”

“ಸೊಲ್ಲಾಪುರ.”

ನೀಲವ್ವ ನಕ್ಕ ರಭಸಕ್ಕೆ ಒಂದಿಷ್ಟು ಹಾಲೂ ನೆಲಕ್ಕೆ ಬಿತ್ತು. “ಸೊಲ್ಲಾಪುರ ಫಾರಿನ್ನೇನ್ರಿ! ನಮ್ಮ ಮೈದುನ ವಾರಕ್ಕೊಮ್ಮೆ ಚಾದರ ತರಾಕ ಹೋಗ್ತಾನ. ಅವಗೂ ಹೇಳ್ತೀನಿ ತಡೀರಿ, ಫಾರಿನ್ ತಿರುಗಾಕತ್ತೀಯೋ ಅಂತ.”

ನಗುವವರು ನಗಲಿ. ನಾನು ಹುಟ್ಟಿದ್ದು ಸುರಪುರಕ್ಕೆ ಹತ್ತಿದಂತಿರುವ ರಂಗಂಪೇಟೆಯಲ್ಲಿ, ನಿಜಾಮರ ಮುಲುಕಿನಲ್ಲಿ, ಅಂದರೆ ಅವರ ರಾಜ್ಯದಲ್ಲಿ. ನಮ್ಮ ರೂಪಾಯಿ ಬೇರೆ, ನಮ್ಮ ಟಪಾಲಿನ ಚೀಟಿ ಬೇರೆ. ಸೊಲ್ಲಾಪುರ ಇಂಗ್ರೇಜಿ ಸೀಮೆ. ನಡುವೆ ಸುಂಕದ ನಾಕಾ. ಆಮೇಲೆ ಪೊಲೀಸ್ ಆ್ಯಕ್ಷನ್ ಆಯಿತು. ನಮ್ಮ ಮುಲುಕು ಹಿಂದುಸ್ತಾನದಲ್ಲಿ ಸೇರಿತು. ಕಚೇರಿಯ ಮೇಲಿನ ಬಾವುಟವನ್ನು ಒಂದೇ ಮುಂಜಾನೆಯಲ್ಲಿ ಬದಲಾಯಿಸಿದರು. ಉಳಿದದ್ದಕ್ಕೆ ಅಷ್ಟು ಅವಸರವಿರಲಿಲ್ಲ. ಮರುವರ್ಷವೂ ಸಂತೆಯಲ್ಲಿ ನಿಜಾಮರ ಹಾಲಿ ರೂಪಾಯಿಯೇ ಓಡುತ್ತಿತ್ತು, ಸರಹದ್ದಿನಲ್ಲಿ ಗಂಟು ಬಿಚ್ಚಿಸುವವರು ಬಿಚ್ಚಿಸುತ್ತಲೇ ಇದ್ದರು. ನಮ್ಮ ಅಜ್ಜಿಯಂತೂ ಸಾಯುವವರೆಗೆ ಸೊಲ್ಲಾಪುರವನ್ನು ಪರದೇಶವೆಂದೇ ಕರೆದಳು. ಅಲ್ಲಿಂದ ಬಂದವರಿಗೆ ಆಕೆ ಕೇಳುತ್ತಿದ್ದ ಮೊದಲ ಪ್ರಶ್ನೆ, “ಅಲ್ಲಿ ಜೋಳ ತಿಂತಾರೇನು?” ತಿನ್ನುತ್ತಾರೆ ಎಂದರೆ ಆಕೆಗೆ ನಂಬಿಕೆ ಬರುತ್ತಿರಲಿಲ್ಲ.

ನಾನು ಆ ಪರದೇಶಕ್ಕೆ ಹೋದದ್ದು ನನ್ನ ಎಡಗಾಲಿನ ಹಿಮ್ಮಡಿಯನ್ನು ನೆಲಕ್ಕೆ ಇಳಿಸಲು. ಡಾಕ್ಟರಿಗೆ ತೋರಿಸಲು ಮೊದಲೊಮ್ಮೆ ಹೋಗಿದ್ದರೂ ಈ ಸಲ ಹೋದದ್ದು ಒಬ್ಬಳೇ. ವಯಸ್ಸು ಹದಿಮೂರೋ ಹದಿನಾಲ್ಕೋ.

ಹಿಮ್ಮಡಿ ಮೇಲಕ್ಕೆ ಹೋದದ್ದಕ್ಕೆ ನಮ್ಮ ಮೆಟ್ಟಿಲ ಬಾವಿ ಕಾರಣ. ಬೇಸಿಗೆಯಲ್ಲಿ ನಾವು ಮಕ್ಕಳು ಕೊನೆಯ ಮೆಟ್ಟಿಲವರೆಗೆ ಇಳಿದು, ಮೊಣಕಾಲುದ್ದ ನೀರಿನಲ್ಲಿ ನಿಂತು, ಬೊಗಸೆಯಲ್ಲಿ ಕುಡಿಯುತ್ತಿದ್ದೆವು. ಆ ನೀರಿನೊಂದಿಗೆ ನಾರು ಒಳಗೆ ಹೋಗುತ್ತಿತ್ತು. ನಾರು ಎಂದರೆ ಈಗಿನ ಮಕ್ಕಳಿಗೆ ಗೊತ್ತಿಲ್ಲ, ಗೊತ್ತಾಗುವುದೂ ಬೇಡ. ಮೊಳದುದ್ದದ ದಾರದಂಥ ಹುಳು. ವರ್ಷದ ನಂತರ ಕಾಲಿನಲ್ಲಿ ಒಂದು ಬೊಬ್ಬೆ ಏಳಿಸಿ ಅಲ್ಲಿಂದ ತಲೆ ಹೊರಗೆ ಹಾಕುತ್ತದೆ. ಆಗ ಕಸಬರಿಗೆಯ ಕಡ್ಡಿಗೆ ಅದರ ತುದಿ ಸುತ್ತಿ, ದಿನಕ್ಕೆ ಒಂದೆರಡು ಸುತ್ತಿನಂತೆ ಎಳೆಯಬೇಕು. ನಮ್ಮ ಓಣಿಯಲ್ಲಿ ಕಾಲಿಗೆ ಕಡ್ಡಿ ಕಟ್ಟಿಕೊಂಡ ಮಕ್ಕಳು ಕಾಲ್ಗೆಜ್ಜೆ ಕಟ್ಟಿಕೊಂಡವರಂತೆ ಸಹಜವಾಗಿ ಓಡಾಡುತ್ತಿದ್ದರು. “ನಿಂದು ಎಷ್ಟು ಸುತ್ತು?” ಎಂದು ಒಬ್ಬರನ್ನೊಬ್ಬರು ಕೇಳುತ್ತಿದ್ದೆವು.

ನನ್ನ ಕಡ್ಡಿ ಸುತ್ತುತ್ತಿದ್ದವಳು ಅಜ್ಜಿ. ಅಜ್ಜಿಗೆ ತಾಳ್ಮೆಯೊಂದನ್ನು ಬಿಟ್ಟು ಎಲ್ಲ ಇತ್ತು. “ಇನ್ನೊಂದ ಸುತ್ತ, ಇನ್ನೊಂದ ಸುತ್ತ” ಎನ್ನುತ್ತ ಒಂದು ಸಂಜೆ ಎಳೆದಳು. ನಾರು ಒಳಗೇ ಹರಿಯಿತು. ಕಾಲು ಬಾತು, ಕೀವಾಗಿ, ಎಷ್ಟೋ ತಿಂಗಳ ಮೇಲೆ ಮಾಯಿತು. ಮಾಯುವಾಗ ಹಿಮ್ಮಡಿಯ ಹಿಂದಿನ ನರವನ್ನು ಗಿಡ್ಡ ಮಾಡಿಯೇ ಮಾಯಿತು. ಅಂದಿನಿಂದ ನನ್ನ ಎಡಗಾಲು ಸದಾ ಅಟ್ಟದ ಮೇಲಿನ ಡಬ್ಬಿ ತೆಗೆಯಲು ಹೊರಟಂತೆ ತುದಿಬೆರಳಿನ ಮೇಲೆ ನಿಂತಿರುತ್ತಿತ್ತು.

ಇದರಿಂದ ಲಾಭವಾಗಲಿಲ್ಲ ಎನ್ನಲಾರೆ. ಕುಂಟೆಬಿಲ್ಲೆಯಲ್ಲಿ ನನ್ನನ್ನು ಸೋಲಿಸುವವರು ಸುರಪುರ ತಾಲೂಕಿನಲ್ಲೇ ಇರಲಿಲ್ಲ. ಉಳಿದವರು ಆಟಕ್ಕಾಗಿ ಒಂದು ಕಾಲು ಎತ್ತಬೇಕಿತ್ತು, ನನ್ನದು ತಯಾರಾಗಿಯೇ ಬರುತ್ತಿತ್ತು. ಕೊನೆಗೆ ಗೆಳತಿಯರೆಲ್ಲ ಸೇರಿ, “ನೀ ಎರಡೂ ಕಾಲಿಂದ ಆಡು, ಇಲ್ಲಂದ್ರ ಆಡಬ್ಯಾಡ” ಎಂದು ಹೊಸ ಕಾನೂನು ಮಾಡಿದರು.

ಮನೆಯ ಪರಸಿಯ ಮೇಲೆ ಒದ್ದೆ ಕಾಲಿನಿಂದ ಓಡಿದರೆ ಬಲಗಾಲಿನ ಗುರುತು ಪೂರ್ತಿ, ಎಡಗಾಲಿನದು ಬರೀ ಬೆರಳು. ಕಣ್ಣು ಮಂದವಾಗಿದ್ದರೂ ಅಜ್ಜಿಗೆ ಆ ಗುರುತು ಮಾತ್ರ ತಪ್ಪುತ್ತಿರಲಿಲ್ಲ. “ಬೆಲ್ಲದ ಡಬ್ಬಿ ತನ ಯಾರ ಬಂದಿದ್ರು? ಅರ್ಧ ಕಾಲಿನಾಕಿ ಬಂದಿದ್ಳು!” ಎಂದು ಪಡಸಾಲೆಯಿಂದಲೇ ತೀರ್ಪು ಕೊಡುತ್ತಿದ್ದಳು. ಹೀಗಾಗಿ ನಮ್ಮ ಮನೆಯಲ್ಲಿ ಬೆಲ್ಲ ಕದ್ದು ತಿನ್ನುವ ಸ್ವಾತಂತ್ರ್ಯ ನನ್ನ ತಮ್ಮನಿಗೆ ಮಾತ್ರ ಇತ್ತು.

ಆದರೆ ಸೊಲ್ಲಾಪುರದಲ್ಲಿದ್ದ ನಮ್ಮ ಮಾಮಾ ಹೇಳಿದ್ದು ಆಟದ ಮಾತಾಗಿರಲಿಲ್ಲ. ಅಮ್ಮನ ತಮ್ಮನಾದ ಆತ ಅಲ್ಲಿ ಒಂದು ನೂಲಿನ ಅಂಗಡಿಯಲ್ಲಿ ಗುಮಾಸ್ತನಾಗಿದ್ದ. ದಸರೆಗೆ ಬಂದಾಗ ನನ್ನನ್ನು ಅಲ್ಲಿನ ಆಸ್ಪತ್ರೆಗೆ ಕರೆದೊಯ್ದು ತೋರಿಸಿಕೊಂಡು ಬಂದಿದ್ದ. ಅಲ್ಲಿ ಡಾಕ್ಟರು, “ನರ ಕೊಯ್ದು ಉದ್ದ ಮಾಡಬಹುದು. ಈ ಚಳಿಗಾಲದಲ್ಲೇ ಆಗಬೇಕು. ಎಲುಬು ಬಲಿತರೆ ಆಮೇಲೆ ಕಾಲು ಹೀಗೇ ಉಳಿಯುತ್ತದೆ” ಎಂದಿದ್ದರು. ಇದರ ಹಿಂದೆ ಇನ್ನೊಂದು ಮಾತಿತ್ತು. ರಂಗಂಪೇಟೆಯಲ್ಲಿ ಹೆಣ್ಣುಮಕ್ಕಳಿಗೆ ಓದು ಪ್ರಾಥಮಿಕ ಶಾಲೆಗೇ ಮುಗಿಯುತ್ತಿತ್ತು. ಮುಂದೆ ಓದಬೇಕಾದರೆ ಯಾದಗಿರಿಯಲ್ಲಿ ಸೋದರತ್ತೆಯ ಮನೆಯಲ್ಲಿದ್ದು, ಊರ ಆಚೆ ತುದಿಯ ಶಾಲೆಗೆ ನಡೆದು ಹೋಗಬೇಕು. ಊರಲ್ಲಿ ನೂಲಿನ ಅಂಗಡಿ ಇಟ್ಟಿದ್ದ ಅಪ್ಪ ಕಡ್ಡಿ ಮುರಿದಂತೆ ಹೇಳಿದ್ದ: “ಹಿಮ್ಮಡ ನೆಲಕ್ಕ ಹತ್ತಿದ್ರ ಯಾದಗಿರಿ. ಇಲ್ಲಂದ್ರ ಅಂಗಡ್ಯಾಗ ನೂಲಿನ ಲಡಿ ಸುತ್ತು.” ನೂಲು ಸುತ್ತುವುದರಲ್ಲಿ ತಪ್ಪೇನಿಲ್ಲ. ಆದರೆ ಜೀವನದಲ್ಲಿ ಸುತ್ತುವುದರ ಮೇಲೆ ಆಗಲೇ ನನಗೆ ಜಿಗುಪ್ಸೆ ಬಂದಿತ್ತು.

ದೀಪಾವಳಿ ಹಿಂದೆಮುಂದೆ ಮಾಮಾ ಒಂದು ದಿನದ ಮಟ್ಟಿಗೆ ಬಂದು, ಬಾಗಿಲಲ್ಲಿ ನಿಂತೇ ಹೇಳಿ ಹೋದ: “ಆಸ್ಪತ್ರ್ಯಾಗ ಹಾಸಿಗಿ ಸಿಕ್ಕೈತಿ. ಹನ್ನೆರಡನೇ ತಾರೀಖಿಗಿ ಕಳಸ್ರಿ. ನಾ ಸ್ಟೇಷನ್‌ದಾಗ ನಿಂತಿರ್ತೀನಿ.”

ಹನ್ನೆರಡನೇ ತಾರೀಖಿಗೆ ಸರಿಯಾಗಿ ನಾವು ಹೊರಟೆವು.

“ಮತ್ತೇನ ತ್ರಾಸ್ರಿ?” ಎಂದಳು ನೀಲವ್ವ. ಅಷ್ಟರಲ್ಲಿ ಆಕೆ ಕಂಬಕ್ಕೊರಗಿ, ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತ ಕುಳಿತೇಬಿಟ್ಟಿದ್ದಳು. ತ್ರಾಸು ಇತ್ತು, ಹೇಳುತ್ತೇನೆ.

ಅಮ್ಮ ಬಾಣಂತಿ. ಅಂಗಡಿಗೆ ಅಪ್ಪನೊಬ್ಬನೇ. ಆದ್ದರಿಂದ ಅಪ್ಪ ಯಾದಗಿರಿಯವರೆಗೆ, ಅಲ್ಲಿಂದ ನಾನು ರೈಲಿನಲ್ಲಿ, ಸೊಲ್ಲಾಪುರದಲ್ಲಿ ಮಾಮಾ ಎಂದು ತೀರ್ಮಾನವಾಗಿತ್ತು. ಶಹಾಪುರದ ಮೇಲೆ ಹಾದು, ಭೀಮೆಯನ್ನು ದಾಟಿ ಯಾದಗಿರಿ ಮುಟ್ಟಿದೆವು. ನನ್ನ ಕೈಯಲ್ಲಿ ಹೊದೆಯುವ ಕೌದಿಯ ಒಂದು ಗಂಟು. ಕೌದಿಯೊಳಗೆ ಕಡಕ್ ರೊಟ್ಟಿ, ಶೇಂಗಾ ಹಿಂಡಿ ಎಂಬ ಚಟ್ನಿಪುಡಿ, ಅಜ್ಜಿ ಕಟ್ಟಿಕೊಟ್ಟ ವಿಭೂತಿ ಗಟ್ಟಿ. ಅಪ್ಪ ನನ್ನನ್ನು ಹೆಂಗಸರ ಜನಾನಾ ಡಬ್ಬಿಯಲ್ಲಿ ಕೂಡಿಸಿ, ಕಿಟಕಿಯ ಸರಳು ಹಿಡಿದು ನಿಂತ. ಮಾತು ಕಡಿಮೆಯ ಮನುಷ್ಯ.

“ಮಾಮಾ ಕಾಣೂತನ ಗಂಟ ಬಿಡಬ್ಯಾಡ.”

“ಹೂಂ.”

“ಅಂಜಬ್ಯಾಡ.”

“ಹೂಂ.”

“ಹಿಂಡಿ ಒಂದ ದಿನಕ್ಕ ಮುಗಸಬ್ಯಾಡ.”

ರೈಲು ಅಲುಗಿತು. ಅಪ್ಪ ನಾಲ್ಕು ಹೆಜ್ಜೆ ಜೊತೆಗೆ ನಡೆದು ಬಂದ. ಅವನ ಕಾಲಿಗೆ ಏನೂ ಆಗಿರಲಿಲ್ಲ, ಆದರೂ ಆ ನಾಲ್ಕು ಹೆಜ್ಜೆ ನನ್ನಂತೆಯೇ ಕುಂಟಿದ್ದ ಎಂದು ನನಗೆ ಈಗಲೂ ಅನ್ನಿಸುತ್ತದೆ.

ಸರಹದ್ದಿನ ಸ್ಟೇಷನ್ನಿನಲ್ಲಿ ಸುಂಕದ ಚಪರಾಸಿ ಜನಾನಾ ಡಬ್ಬಿಯ ಬಾಗಿಲಲ್ಲಿ ನಿಂತು ನನ್ನ ಗಂಟಿನ ಮೇಲೆ ಕಣ್ಣಿಟ್ಟ.

“ಗಠಡೀ ಮೇಂ ಕ್ಯಾ ಹೈ?”

“ರೊಟ್ಟಿ, ಸಾಬ್.”

“ಔರ್?”

“ಔರ್ ರೊಟ್ಟಿ.”

ನಂಬಲಿಲ್ಲ. ಬಿಚ್ಚಿಸಿದ. ಹಿಂಡಿಯ ಡಬ್ಬಿ ಹತ್ತಿರ ಬಂದಾಗ ಅವನ ಮುಖ ಗಂಭೀರವಾಯಿತು. ಎರಡು ಬೆರಳಿನಿಂದ ಚಿಟಿಕೆ ಹಿಂಡಿ ತೆಗೆದು ಬಾಯಿಗೆ ಹಾಕಿಕೊಂಡ, ಕಣ್ಣು ಮುಚ್ಚಿದ, ಇನ್ನೊಂದು ಚಿಟಿಕೆಯಿಂದ ತನಿಖೆಯನ್ನು ಖಚಿತ ಮಾಡಿಕೊಂಡ. “ಇಸ್ಕು ಮಹಸೂಲ್ ನಕ್ಕೋ. ಜಾವ್ ಬೇಟಾ.” ಸುಂಕವಿಲ್ಲದೆ ದೇಶದ ಗಡಿ ದಾಟಿದ್ದು ನಮ್ಮ ಅಜ್ಜಿಯ ಹಿಂಡಿ ಒಂದೇ ಇರಬೇಕು.

ಸೊಲ್ಲಾಪುರದಲ್ಲಿ ಇಳಿದೆ. ಮಾಮಾ ಇಲ್ಲ.

ಮೊದಲು ಅವನು ಚಹಾ ಕುಡಿಯಲು ಹೋಗಿರಬೇಕು ಎಂದುಕೊಂಡೆ. ಆಮೇಲೆ ಬೇರೆ ಬಾಗಿಲಲ್ಲಿ ನಿಂತಿರಬೇಕು ಎಂದುಕೊಂಡೆ. ಇಳಿದವರೆಲ್ಲ ಹೋಗಿ, ಪ್ಲಾಟ್‌ಫಾರ್ಮಿನ ಮೇಲೆ ನಾನು, ನನ್ನ ಗಂಟು ಮತ್ತು ಒಂದು ನಾಯಿ ಉಳಿದ ಮೇಲೆ ಎಂದುಕೊಳ್ಳಲು ಏನೂ ಉಳಿಯಲಿಲ್ಲ. ಸ್ಟೇಷನ್ ಮಾಸ್ತರರ ಖೋಲಿಗೆ ಹೋದೆ. ಪುಣ್ಯಕ್ಕೆ ಅವರು ಕನ್ನಡದವರು, ವಯಸ್ಸಾದವರು.

“ನಮ್ಮ ಮಾಮಾ ಬರಬೇಕಿತ್ರಿ. ನೂಲಿನ ಅಂಗಡಿ ಗುಮಾಸ್ತ. ಇವತ್ತ ಹನ್ನೆರಡನೇ ತಾರೀಖಿಗಿ ನಿಂತಿರ್ತೀನಿ ಅಂದಿದ್ದ.”

ಅವರು ಕನ್ನಡಕದ ಮೇಲಿನಿಂದ ನನ್ನನ್ನೂ ನನ್ನ ಕಾಲನ್ನೂ ನೋಡಿದರು. “ಕಾಲಿನ ಹುಡುಗಿ ನೀನs ಏನು? ಆತ ಹನ್ನೆರಡಕ್ಕ ಬಂದಿದ್ದನವ್ವಾ. ಮರುದಿನಾನೂ ಬಂದಿದ್ದ. ‘ಬಂದ್ರ ಆಸ್ಪತ್ರಿಗೆ ಕಳಿಸ್ರಿ, ನಾ ಖರೀದಿಗೆ ಮುಂಬೈಗೆ ಹೊಂಟೇನಿ’ ಅಂತ ಹೇಳಿ ಹೋದ. ಇವತ್ತ ಹದಿನಾರು.”

“ಇವತ್ತ ಹನ್ನೆರಡ್ರಿ.”

ಅವರು ಗೋಡೆಯ ಕಡೆ ಬೆರಳು ಮಾಡಿದರು. ದಿನಕ್ಕೊಂದು ಹಾಳೆ ಹರಿಯುವ ಕ್ಯಾಲೆಂಡರು. ಅದರ ಮೇಲೆ ಅಂಗೈ ಅಗಲದ ಹದಿನಾರು.

“ನೀವು ಹಾಳಿ ಜಾಸ್ತಿ ಹರದೀರಿ” ಎಂದೆ.

ಈಗ ನೆನೆದರೆ ನನಗೇ ನಾಚಿಕೆಯಾಗುತ್ತದೆ. ಕುಂಟುತ್ತ ಬಂದ ರಂಗಂಪೇಟೆಯ ಒಂದು ಹುಡುಗಿ ಸೊಲ್ಲಾಪುರ ಸ್ಟೇಷನ್ನಿಗೆ ತಾರೀಖು ತಿದ್ದಲು ಹೊರಟಿತ್ತು! ಅವರು ಬೈಯಲಿಲ್ಲ. “ಯಾವ ತಿಂಗಳ ಹನ್ನೆರಡು?” ಎಂದು ಮೆತ್ತಗೆ ಕೇಳಿದರು.

“ದೈ ತಿಂಗಳ್ರಿ.”

ಅವರು ತಲೆಯ ಟೊಪ್ಪಿಗೆ ತೆಗೆದು ಮೇಜಿನ ಮೇಲಿಟ್ಟು ನಗತೊಡಗಿದರು.

ನಿಜಾಮರ ಮುಲುಕಿನಲ್ಲಿ ನಮ್ಮ ತಿಂಗಳುಗಳೂ ಬೇರೆ ಇದ್ದವು. ಅಜೂರ್, ದೈ, ಬಹಮನ್, ಇಸ್ಫಂದಾರ್ ಎಂದು ಶಾಲೆಯಲ್ಲಿ ರಾಗವಾಗಿ ಹೇಳುತ್ತಿದ್ದೆವು. ಅದು ಫಸಲಿ ಲೆಕ್ಕ. ನಮ್ಮ ತಿಂಗಳು ಇಂಗ್ರೇಜಿ ತಿಂಗಳಿಗಿಂತ ನಾಲ್ಕೈದು ದಿನ ಹಿಂದೆ ಹಿಂದೆ ನಡೆಯುತ್ತಿತ್ತು. ಸರ್ಕಾರ ಹೋದರೂ ಅದರ ತಿಂಗಳುಗಳು ನಮ್ಮ ಅಂಗಡಿ, ಮನೆ, ನಾಲಿಗೆ ಬಿಟ್ಟು ಹೋಗಿರಲಿಲ್ಲ. ವರ್ಷಗಟ್ಟಲೆ ಸೊಲ್ಲಾಪುರದಲ್ಲಿದ್ದ ಮಾಮಾನಿಗೆ ಹನ್ನೆರಡು ಎಂದರೆ ಅಲ್ಲಿಯ ಹನ್ನೆರಡು. ನಮಗೆ ನಮ್ಮದು. ಯಾವ ಲೆಕ್ಕ ಎಂದು ನಾವೂ ಕೇಳಲಿಲ್ಲ, ಅವನೂ ಹೇಳಲಿಲ್ಲ. ತಾರೀಖಿಗೂ ದೇಶವಿರುತ್ತದೆ ಎಂದು ಯಾರಿಗೆ ಹೊಳೆಯಬೇಕು?

ಮಾಸ್ತರರು ಟಾಂಗಾದವನನ್ನು ಕರೆದು ನನ್ನನ್ನು ಆಸ್ಪತ್ರೆಗೆ ಕಳಿಸಿದರು. ಮಾಮಾ ಕಾಣುವವರೆಗೆ ಗಂಟು ಬಿಡಬಾರದೆಂದು ಅಪ್ಪ ಹೇಳಿದ್ದನಲ್ಲ, ಟಾಂಗಾದಲ್ಲೂ ಅದನ್ನು ಅವುಚಿಕೊಂಡೇ ಕುಳಿತಿದ್ದೆ.

ಹೆಂಗಸರ ವಾರ್ಡಿಗೆ ಒಬ್ಬ ಸಿಸ್ಟರಮ್ಮ ಇದ್ದರು. ಗದಗಿನ ಕಡೆಯವರು. ಎತ್ತರ, ಬಿಳಿ ಸೀರೆ, ಎದೆಗೆ ಸಿಕ್ಕಿಸಿದ ಗಡಿಯಾರ. ಅವರು ನಡೆದರೆ ಮಂಚಗಳು ತಾವಾಗಿಯೇ ಸಾಲಾಗಿ ನಿಲ್ಲುತ್ತಿದ್ದವು ಎಂದು ನಾವು ಅಂದುಕೊಳ್ಳುತ್ತಿದ್ದೆವು.

“ಹನ್ನೆರಡಕ್ಕ ಬಾ ಅಂದ್ರ ಇವತ್ತ ಬಂದೀ?”

ನಾನು ದೈ ತಿಂಗಳ ಕತೆ ಹೇಳಿದೆ. ಅವರು ಪೂರ್ತಿ ಕೇಳಿ, “ಕತಿ ಛಲೋ ಐತಿ. ಹಾಸಿಗಿ ಇಲ್ಲ” ಎಂದರು. “ದಿನಾ ತಪ್ಪಿಸಿಕೊಂಡವರು ಸಾಲಿನ ಕೊನೀಗೆ ಹೋಗಬೇಕು. ಮಳೆಗಾಲ ಮುಗಿದ ಮ್ಯಾಲೆ ಬಾ.”

ಮಳೆಗಾಲ ಮುಗಿದ ಮೇಲೆ! ಚಳಿಗಾಲವೇ ಈಗ ಶುರುವಾಗಿತ್ತು. ಅಷ್ಟರಲ್ಲಿ ಎಲುಬು ಬಲಿತಿರುತ್ತದೆ. ಯಾದಗಿರಿಯ ಶಾಲೆಗೆ ಬೇರೆ ಯಾರೋ ನಡೆದು ಹೋಗುತ್ತಿರುತ್ತಾರೆ, ನಾನು ನೂಲು ಸುತ್ತುತ್ತಿರುತ್ತೇನೆ. ಅಳು ಬಂತು. ಆದರೆ ಆ ಸಿಸ್ಟರಮ್ಮನ ಮುಂದೆ ಅಳಲೂ ಮೊದಲೇ ಹೇಳಿ ಹೊತ್ತು ಗೊತ್ತು ಮಾಡಿಕೊಳ್ಳಬೇಕೇನೋ ಎನ್ನುವಂತಿತ್ತು.

“ನಾಳೆ ಯಾರ ಬರ್ತಾರ್ರಿ?” ಎಂದೆ.

“ಯಾರ ಬಂದ್ರ ನಿನಗೇನು? ನಾಳೆ ಗುರುಮಠಕಲ್‌ನಾಕಿ ಬರ್ತಾಳ, ಕುತ್ತಿಗಿ ಗಡ್ಡಿ ತೆಗಿಸಾಕ. ನಾಡಿದ್ದ ಪಂಢರಪುರದಾಕಿ. ಹಾಸಿಗಿ ಎಲ್ಲಿಂದ ತರ್ಲಿ?”

ಗುರುಮಠಕಲ್ ಎಂಬ ಮಾತು ಕಿವಿಗೆ ಬಿದ್ದ ಕ್ಷಣ ನನ್ನ ಅಳು ಬಂದ ದಾರಿಯಲ್ಲೇ ಹಿಂದಕ್ಕೆ ಹೋಯಿತು.

“ಸಿಸ್ಟರಮ್ಮಾರೆ, ಗುರುಮಠಕಲ್‌ನಾಕಿ ನಾಳೆ ಬರಂಗಿಲ್ರಿ.”

“ಯಾಕ? ನಿಮ್ಮ ಬಳಗೇನು?”

“ಅಲ್ರಿ. ಗುರುಮಠಕಲ್ ನಮ್ಮ ಮುಲುಕಿನಾಗ ಅದ. ನಾ ಬಂದಂಗs ಬರ್ತಾಳ್ರಿ. ನಾಲ್ಕೈದ ದಿನ ತಡಾ ಮಾಡಿ, ಬರೋಬ್ಬರಿ ಹೊತ್ತಿಗೆ.”

ಸಿಸ್ಟರಮ್ಮ ನನ್ನ ಮುಖವನ್ನೇ ನೋಡಿದರು. ಎದೆಯ ಗಡಿಯಾರ ನೋಡಿದರು. ಅವರು ನಕ್ಕರೆಂದು ನಾನು ಹೇಳಲಾರೆ, ತುಟಿಯ ಒಂದು ತುದಿ ಮಾತ್ರ ರಜೆಯ ಮೇಲೆ ಹೋಗಿ ಬಂತು. “ನಾಳೆ ಮಧ್ಯಾಹ್ನದ ಗಂಟಿ ಬಾರಿಸೂತನ ನೋಡತೇನಿ. ಆಕಿ ಬಂದ್ಳಂದ್ರ ನೀನು ಸಂಜಿ ರೈಲಿಗೆ ಊರಿಗೆ. ಬರಲಿಲ್ಲಂದ್ರ ಹಾಸಿಗಿ ನಿಂದು.”

ರಾತ್ರಿ ವರಾಂಡದ ಬೆಂಚಿನ ಮೇಲೆ ಮಲಗಿ, ಮರುದಿನ ಮುಂಜಾನೆಯಿಂದ ನಾನು ಅಲ್ಲೇ ಗಂಟಿನೊಂದಿಗೆ ಕುಳಿತೆ. ಬೇರೆಯವರು ಆಸ್ಪತ್ರೆಯಲ್ಲಿ ದೇವರಿಗೆ ಯಾವ್ಯಾವುದೋ ಬೇಡಿಕೊಳ್ಳುತ್ತಾರೆ. ನಾನು ಬೇಡಿಕೊಂಡಿದ್ದು ಗುರುಮಠಕಲ್ಲಿನ ಮಂದಿಗೆ ಇಂಗ್ರೇಜಿ ತಿಂಗಳು ಗೊತ್ತಿರದಿರಲಿ ಎಂದು. ಒಂದೊಂದು ಟಾಂಗಾ ನಿಂತಾಗಲೂ ಎದ್ದು, ಇಳಿದವರ ಕುತ್ತಿಗೆ ನೋಡುತ್ತಿದ್ದೆ. ಆಕೆಗೂ ಒಬ್ಬ ಮಾಮಾ ಇದ್ದು, ಅವನು ನಮ್ಮ ಮಾಮಾನಿಗಿಂತ ಜಾಣನಾಗಿದ್ದರೆ? ಒಮ್ಮೆಯಂತೂ ಕುತ್ತಿಗೆಗೆ ಬಟ್ಟೆ ಸುತ್ತಿಕೊಂಡ ಹೆಂಗಸೊಬ್ಬಳು ಇಳಿದಳು. ನಾನು ಅರ್ಧ ಕಾಲಿನಲ್ಲೇ ಮೆಟ್ಟಿಲವರೆಗೆ ಹಾರಿಹೋಗಿ, “ಯಾವ ಊರ್ರಿ?” ಎಂದು ಗದರಿಸಿದಂತೆ ಕೇಳಿದೆ.

“ಅಕ್ಕಲಕೋಟ. ಯಾಕ?”

“ಬರ್ರಿ ಬರ್ರಿ, ಕೂಡ್ರಿ” ಎಂದೆ. ಆಕೆಗೆ ಬರೀ ನೆಗಡಿ. ಅಷ್ಟು ಆದರದ ಸ್ವಾಗತ ಆಕೆಗೆ ಯಾವ ಆಸ್ಪತ್ರೆಯಲ್ಲೂ ಸಿಕ್ಕಿರಲಾರದು.

ಮಧ್ಯಾಹ್ನದ ಗಂಟೆ ಬಾರಿಸಿತು. ಗುರುಮಠಕಲ್ ಬರಲಿಲ್ಲ. ಸಿಸ್ಟರಮ್ಮ ವರಾಂಡಕ್ಕೆ ಬಂದು, ರಸ್ತೆಯ ಎರಡೂ ಕಡೆ ನೋಡಿ, ನನ್ನ ಗಂಟನ್ನು ತಾವೇ ಎತ್ತಿಕೊಂಡರು. ಮಾಮಾ ಕಾಣುವ ಮೊದಲೇ ನಾನು ಗಂಟು ಬಿಟ್ಟದ್ದು ಆಗಲೇ.

ಕೊಯ್ಯುವ ದಿನ ಮೂಗಿಗೆ ಔಷಧದ ಬಟ್ಟೆ ಹಿಡಿದು, “ಒಂದರಿಂದ ಎಣಸು” ಎಂದರು. ಅಷ್ಟು ಹೊತ್ತಿಗೆ ನಾನು ಪೆಟ್ಟು ತಿಂದು ಬುದ್ಧಿ ಕಲಿತಿದ್ದೆ. “ಯಾವ ಲೆಕ್ಕದಾಗ್ರಿ? ನಿಮ್ಮದೋ ನಮ್ಮದೋ?” ಎಂದು ಕೇಳಿದ್ದು ನೆನಪಿದೆ. ಉತ್ತರ ಬರುವಷ್ಟರಲ್ಲಿ ನಿದ್ದೆ ಬಂದಿತ್ತು.

ಎಚ್ಚರವಾದಾಗ ಕಾಲು ಮೊಣಕಾಲಿನವರೆಗೆ ಸುಣ್ಣದ ಗೋಡೆಯಾಗಿತ್ತು. ಪ್ಲಾಸ್ಟರಿನ ಒಳಗೆ ಏನಾಗಿದೆ, ಹಿಮ್ಮಡಿ ಇಳಿದಿದೆಯೋ ಇಲ್ಲವೋ, ಗೋಡೆ ಒಡೆಯುವವರೆಗೆ ಯಾರಿಗೂ ಗೊತ್ತಿಲ್ಲ.

ನಾನು ಆಸ್ಪತ್ರೆಗೆ ಬಂದು ನಾಲ್ಕೈದು ದಿನವಾಗಿತ್ತು. ಒಂದು ಮುಂಜಾನೆ, ತಲೆಯ ಮೇಲೆ ಗಂಟು, ಕುತ್ತಿಗೆಯಲ್ಲಿ ಗಡ್ಡೆ, ಮುಖದಲ್ಲಿ ಹೊತ್ತಿಗೆ ಸರಿಯಾಗಿ ಬಂದ ಗೆಲುವು, ಇಷ್ಟನ್ನೂ ಹೊತ್ತು ಬಾಲಮ್ಮ ಎಂಬಾಕೆ ವಾರ್ಡಿನ ಬಾಗಿಲಲ್ಲಿ ನಿಂತಳು. ಆಕೆ ಬಾಯಿ ತೆರೆಯುವ ಮೊದಲೇ ಸಿಸ್ಟರಮ್ಮ ಅಂದರು: “ಬಾ, ಗುರುಮಠಕಲ್. ನಿನ್ನ ಹಾಸಿಗಿ ತಯಾರೈತಿ.”

ಬಾಲಮ್ಮ ಗಂಟು ಕೆಳಗೆ ಬೀಳಿಸಿದಳು. “ಅಯ್ಯೋ ದೇವುಡಾ! ನಾ ಇವತ್ತs ಬರ್ತೀನಿ ಅಂತ ನಿಮಗ್ಯಾರ ಹೇಳಿದ್ರಮ್ಮಾ?”

ಸಿಸ್ಟರಮ್ಮ ನನ್ನ ಮಂಚದ ಕಡೆ ನೋಡಲಿಲ್ಲ. ನಾನು ಕೌದಿಯನ್ನು ಮುಖದ ಮೇಲೆ ಎಳೆದುಕೊಂಡೆ. ಕೌದಿ ಅಲುಗುತ್ತಿದ್ದುದನ್ನು ಎದುರು ಮಂಚದವರೆಲ್ಲ ನೋಡಿದರಂತೆ. ಬಾಲಮ್ಮ ಊರಿಗೆ ಹೋಗುವವರೆಗೂ ಸಿಸ್ಟರಮ್ಮನಿಗೆ ದೇವರ ಕೃಪೆ ಇದೆ ಎಂದೇ ನಂಬಿದ್ದಳು. ಗಡ್ಡೆ ತೆಗೆದ ಮೇಲೆ ಅವರ ಪಾದಕ್ಕೆ ಕುಂಕುಮ ಹಚ್ಚಲು ಹೋಗಿ ಬೈಸಿಕೊಂಡಳು.

ಅಂದಿನಿಂದ ಒಂದು ಹೊಸ ಕ್ರಮ ಶುರುವಾಯಿತು. ದಿನಾ ಮುಂಜಾನೆ ಸಿಸ್ಟರಮ್ಮ ವಾರ್ಡಿನ ನಡುವೆ ನಿಂತು ತಾರೀಖು, ಹೊತ್ತು, ಯಾವ ಹಾಸಿಗೆಯಲ್ಲಿ ಯಾರಿದ್ದಾರೆ ಎಂದು ಗಟ್ಟಿಯಾಗಿ ಹೇಳುತ್ತಿದ್ದರು. ಈಗ ಇಂಗ್ರೇಜಿ ತಾರೀಖು ಹೇಳಿ, ನನ್ನ ಕಡೆ ತಿರುಗಿ, “ನಿಮ್ಮದು?” ಎನ್ನುತ್ತಿದ್ದರು. ನಾನು ಮಂಚದಲ್ಲಿ ನೆಟ್ಟಗೆ ಕುಳಿತು ದೈ ತಿಂಗಳ ತಾರೀಖು ಸಾರುತ್ತಿದ್ದೆ. ನಮ್ಮ ಮುಲುಕು ಹಿಂದುಸ್ತಾನದಲ್ಲಿ ಸೇರಿದ್ದು ದಿಲ್ಲಿಯವರ ಲೆಕ್ಕದಲ್ಲಿ ಆಗಲೇ ಮುಗಿದಿತ್ತು. ಹೆಂಗಸರ ವಾರ್ಡಿನಲ್ಲಿ ಅದು ಇನ್ನೂ ದಿನಾ ಬೆಳಿಗ್ಗೆ ನಡೆಯುತ್ತಿತ್ತು.

ಮುಂಬಯಿಯಿಂದ ಬಂದ ಮಾಮಾ ನನ್ನ ಮಂಚದ ಪಕ್ಕ ನಿಂತು ಹಾರಾಡಿದ. “ಹನ್ನೆರಡಂದ್ರ ಹನ್ನೆರಡ! ದುನಿಯಾದಾಗ ಹನ್ನೆರಡು ಎಷ್ಟ ಅದಾವ?”

“ಎರಡ ಅದಾವ, ಮಾಮಾ.”

ಪ್ಲಾಸ್ಟರಿನ ಆ ವಾರಗಳಲ್ಲಿ ನಾನು ಕೆಟ್ಟೆ ಎಂದೇ ನಮ್ಮ ಮನೆಯವರ ಅಭಿಪ್ರಾಯ. ಹೊತ್ತಿಗೆ ಎದ್ದು, ಹೊತ್ತಿಗೆ ಮುಖ ತೊಳೆದು, ಹೊತ್ತಿಗೆ ಗಂಜಿ ಕುಡಿದು ಅಭ್ಯಾಸವಾದವಳು ಊರಿಗೆ ಹೋದ ಮೇಲೆ ಅದನ್ನೆಲ್ಲ ಅವರ ಮೇಲೆ ಹೇರಿದೆ. ತಮ್ಮನ ಉಗುರು ನೋಡಿದ ಮೇಲೆಯೇ ಅವನಿಗೆ ಊಟ. ಅಜ್ಜಿ ಎಲೆ ಅಡಿಕೆ ಹಾಕಿಕೊಳ್ಳಲು ಮೂರು ಹೊತ್ತು ಗೊತ್ತು ಮಾಡಿದೆ. ಆಕೆ ನಾಲ್ಕನೆಯದನ್ನು ನೀರಿನ ಕೋಣೆಯಲ್ಲಿ ಅಡಗಿ ತಿನ್ನತೊಡಗಿದಳು. “ಹುಡುಗೀನ ಕಳಿಸಿದ್ವಿ, ಫೌಜದಾರ ಬಂದಾನ” ಎಂದು ಓಣಿಯಲ್ಲೆಲ್ಲ ದೂರು ಹೇಳಿದಳು.

ಇದು ಆಮೇಲಿನ ಮಾತು. ಪ್ಲಾಸ್ಟರು ಒಡೆದ ದಿನದ ಬಗ್ಗೆ ಹೇಳಬೇಕು.

ಒಳಗಿನಿಂದ ಬಂದ ಕಾಲು ನನ್ನದಲ್ಲವೇನೋ ಎನ್ನುವಷ್ಟು ಬಿಳಿಚಿಕೊಂಡಿತ್ತು, ಸಣಕಲಾಗಿತ್ತು. ಸಿಸ್ಟರಮ್ಮ ನನ್ನನ್ನು ಮಂಚದ ಅಂಚಿಗೆ ಕೂಡಿಸಿ, “ಇಳಸು” ಎಂದರು. ನಾನು ಬಲಗಾಲು ಇಳಿಸಿದೆ. “ಅದನ್ನಲ್ಲ.” ನಾನು ಎಡಗಾಲನ್ನು ಮಂಚದ ಮೇಲೇ ಹಿಡಿದುಕೊಂಡೆ. ಇಳಿಸದಿದ್ದರೆ, ಇಳಿದೀತು ಎಂಬ ಆಸೆಯಾದರೂ ಇರುತ್ತದೆ. ಇಳಿಸಿ ನೋಡಿ ಇಳಿಯದಿದ್ದರೆ ಅದೂ ಇಲ್ಲ. ಅವರು ಎದೆಯ ಗಡಿಯಾರ ನೋಡಲಿಲ್ಲ. ಅದೊಂದು ಸಲ ಅವರು ಗಡಿಯಾರ ನೋಡದೆ ಕಾದರು.

ಇಳಿಸಿದೆ. ಬೆರಳು ಮುಟ್ಟಿದವು, ಅದು ನನಗೆ ಗೊತ್ತಿದ್ದದ್ದೇ. ಆಮೇಲೆ ಹಿಂದುಗಡೆ ಏನೋ ತಣ್ಣಗಾಯಿತು. ಏನೆಂದು ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ನೆಲ ತಣ್ಣಗಿರುತ್ತದೆ ಎಂಬುದನ್ನು ನನ್ನ ಎಡ ಹಿಮ್ಮಡಿ ಅಷ್ಟು ವರ್ಷ ಮರೆತೇಬಿಟ್ಟಿತ್ತು.

“ತಾರೀಖು ಹೇಳು” ಎಂದರು ಸಿಸ್ಟರಮ್ಮ.

ಎರಡೂ ಲೆಕ್ಕದಲ್ಲಿ ಹೇಳಿದೆ. ಎರಡೂ ತಪ್ಪಿದ್ದವಂತೆ. ಅವರು ತಿದ್ದಲಿಲ್ಲ.

ಊರಿಗೆ ಮುಟ್ಟಿದಾಗ ದೀಪ ಹಚ್ಚುವ ಹೊತ್ತು. ಮಾಮಾ ಯಾದಗಿರಿಯವರೆಗೆ ತಂದು ಅಪ್ಪನಿಗೆ ಒಪ್ಪಿಸಿದ್ದ. ಅಪ್ಪ ದಾರಿಯುದ್ದಕ್ಕೂ ನನ್ನ ಕಾಲನ್ನು ನೋಡುವುದು, ನೋಡಲಿಲ್ಲವೆನ್ನುವಂತೆ ಹೊಲದ ಕಡೆ ತಿರುಗುವುದು, ಇದನ್ನೇ ಮಾಡಿದ. ಬಾಗಿಲಲ್ಲಿ ಅಮ್ಮ ಚರಿಗೆಯಲ್ಲಿ ನೀರು ಕೊಟ್ಟಳು. ಕಾಲು ತೊಳೆದುಕೊಂಡು ಪಡಸಾಲೆ ದಾಟಿ ಒಳಗೆ ಹೋದೆ. ಅಭ್ಯಾಸಬಲ, ಬೆಲ್ಲದ ಡಬ್ಬಿಯ ಕಡೆಗೇ ಹೋದೆ.

ಅಷ್ಟರಲ್ಲಿ ಅಜ್ಜಿ ಹಿತ್ತಲಿನಿಂದ ಬಂದಳು. ಪಡಸಾಲೆಯ ನಡುವೆ ಬಗ್ಗಿ, ಪರಸಿಯ ಮೇಲಿನ ಒದ್ದೆ ಗುರುತುಗಳನ್ನು ನೋಡಿದಳು. ಆಮೇಲೆ ಅಮ್ಮನ ಕಡೆ ತಿರುಗಿ ಕೂಗಿದಳು: “ಯಾರ ಬಂದಾರ ಒಳಗ? ಹುಡುಗಿ ಎಲ್ಲಿ? ಇವು ನಮ್ಮ ಹುಡುಗಿ ಹೆಜ್ಜಿ ಅಲ್ಲ!”

ನಾನು ಬಾಯಲ್ಲಿ ಬೆಲ್ಲ ಇಟ್ಟುಕೊಂಡೇ ಬಾಗಿಲಿಗೆ ಬಂದು ನಿಂತೆ. ಅಜ್ಜಿ ನನ್ನನ್ನು ನೋಡಿದಳು, ಗುರುತನ್ನು ನೋಡಿದಳು, ಮತ್ತೆ ನನ್ನನ್ನು ನೋಡಿದಳು. ಅಲ್ಲೇ ಕುಳಿತು, ಎಡಗಾಲಿನ ಗುರುತಿನ ಹಿಂದಿನ ಭಾಗಕ್ಕೆ, ಆ ದುಂಡನೆಯ ಒದ್ದೆಗೆ, ಕೈ ಮುಟ್ಟಿಸಿ ಕಣ್ಣಿಗೆ ಒತ್ತಿಕೊಂಡಳು. ಅಮ್ಮ ನೆಲ ಒರೆಸುವ ಅರಿವೆ ತಂದರೆ, “ತಗಿ ಅದನ್ನ” ಎಂದು ಗದರಿದಳು.

ನೀಲವ್ವ ಕಂಬ ಬಿಟ್ಟು ಎದ್ದು, ತನ್ನ ಧೂಳಿನ ಹೆಜ್ಜೆಗಳನ್ನೂ ಚೆಲ್ಲಿದ ಹಾಲನ್ನೂ ನೋಡಿ, “ಒರಸಾ ಅರಿವಿ ಎಲ್ಲಿ ಅದ್ರಿ ಅಕ್ಕೋರೆ?” ಎಂದಳು.

ಕೊಟ್ಟೆ. ಬಾಗಿಲಿನಿಂದ ಅಡಿಗೆಮನೆಯವರೆಗೆ ಚೆನ್ನಾಗಿಯೇ ಒರೆಸಿದಳು. ಕೊನೆಯ ಕಲ್ಲು ಇನ್ನೂ ಕಪ್ಪಗಿರುವಾಗ ನಾನು ಚಪ್ಪಲಿ ಬಿಟ್ಟು, ಎಡಗಾಲನ್ನು ಅದರ ಮೇಲೆ ಊರಿ ತೆಗೆದೆ.

“ಅದೇನ್ರಿ ಮತ್ತ! ನನಗ ಬೈದು ನೀವs ತುಳೀತೀರಲ್ರಿ?”

“ದಿನಾ ತುಳೀತೀನಿ. ನೀ ಇವತ್ತ ನೋಡ್ದಿ.”

ನೀಲವ್ವ ಬಗ್ಗಿ ನೋಡಿದಳು. ಬೆರಳು ಐದೂ ಇದ್ದವು, ಹಿಮ್ಮಡಿಯೂ ಇತ್ತು.

“ಒರಸ್ಲೇನ್ರಿ ಇದನ್ನ?”

“ಬ್ಯಾಡ. ಅದು ತಾನs ಆರ್ತದ.”

ಎಂಟಕ್ಕೆ ಇನ್ನೂ ಸ್ವಲ್ಪ ಇರುವಾಗ ನೆಲದ ಕೆಲಸ ಮುಗಿಯಿತು.